ಕಳ್ಳ ಈಗ ಒಳ್ಳೆ ಕನ್ನಡ ಮಾತಾಡ್ತಾನೆ

ದೇವದುರ್ಗ ತಾಲೂಕಿನ ಹಳ್ಳಿಯಲ್ಲಿರೋ ನಮ್ಮ ಚಿಗವ್ವನ ಖಾತೆಯಿಂದ 18,400 ರೂಪಾಯಿ ಹೋಯ್ತು. ಹತ್ತಿ ಮಾರಿದ ದುಡ್ಡು. ಗೃಹಲಕ್ಷ್ಮಿ ಕಂತು ಬಂದಿಲ್ಲ ಅಂತ ಎರಡು ತಿಂಗಳಿಂದ ಕಾಯ್ತಿದ್ದಳು. "ನಿಮ್ಮ ಕೆವೈಸಿ ಬಾಕಿ ಇದೆ, ಅದಕ್ಕೇ ಹಣ ತಡೆಹಿಡಿಯಲಾಗಿದೆ" ಅಂತ ಫೋನ್ ಬಂತು. ಹಿಂದೆಯೇ ವಾಟ್ಸಾಪಿಗೆ ಒಂದು ಎಪಿಕೆ ಫೈಲ್. ಒತ್ತಿದಳು, ಕೇಳಿದ್ದಕ್ಕೆಲ್ಲ 'ಅಲೋ' ಕೊಟ್ಟಳು. ಆಮೇಲೆ ಅವಳ ಓಟಿಪಿಗಳೆಲ್ಲ ನೇರ ಕಳ್ಳನ ಕೈಗೆ.

"ಅಲ್ಲ ಚಿಗವ್ವ, ಯಾರು ಏನು ನೋಡದೆ ಹೆಂಗ್ ನಂಬಿದಿ?" ಅಂದೆ.

"ಹಿಂದಿ ಮಾತಾಡಿದ್ರ ಇಟ್ಟುಬಿಡ್ತಿದ್ದೆ ತಮ್ಮಾ. ಟಿವಿಯಾಗಿನ ಹುಡುಗಿ ಹಂಗ ಚೆಂದ ಕನ್ನಡ ಮಾತಾಡಿದ್ಲು. ಎಷ್ಟ್ ಮರ್ಯಾದಿಲೆ ಮಾತಾಡಿದ್ಲು ಗೊತ್ತೇನು?"

ಆ ದನಿ ಮನುಷ್ಯರದ್ದೋ ಯಂತ್ರದ್ದೋ ಈಗ ಪತ್ತೆ ಮಾಡೋಕೆ ಆಗಲ್ಲ, ರೆಕಾರ್ಡಿಂಗ್ ಇಲ್ಲ. ಆದರೆ ಅವಳ ಮಾತು ನನ್ನನ್ನ ಬಿಡ್ತಿಲ್ಲ. ಊರಿನ ಓದಿದ ಮಕ್ಕಳು ನಾವು ಮನೆಯವರಿಗೆ ಕೊಟ್ಟಿದ್ದ ಸೈಬರ್ ಭದ್ರತೆಯ ಪಾಠ ಒಂದೇ: ಹಿಂದಿಯಲ್ಲಿ 'ಬ್ಯಾಂಕ್ ಮ್ಯಾನೇಜರ್' ಅಂದ್ರೆ ಕಟ್ ಮಾಡು, ಒತ್ತಕ್ಷರ ತಪ್ಪಿರೋ ಮೆಸೇಜ್ ನಂಬಬೇಡ. ಜಾಮ್ತಾರಾದ ಹುಡುಗನಿಗೂ ಮಾನ್ವಿಯ ರೈತನಿಗೂ ನಡುವೆ ಭಾಷೆ ಅನ್ನೋ ಬೇಲಿ ಇತ್ತು. ಎಐ ಮೊದಲು ಕಿತ್ತಿದ್ದು ಅದನ್ನೇ.

2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತೋರಿಸಿದ 'ವ್ಯಾಲ್-ಇ' ಮಾದರಿಗೆ ಒಬ್ಬರ ದನಿ ನಕಲು ಮಾಡೋಕೆ 3 ಸೆಕೆಂಡಿನ ತುಣುಕು ಸಾಕಿತ್ತು. ಅದೇ ಜುಲೈನಲ್ಲಿ ಕೋಝಿಕ್ಕೋಡ್‌ನಲ್ಲಿ ನಿವೃತ್ತ ನೌಕರರೊಬ್ಬರಿಗೆ ಹಳೇ ಸಹೋದ್ಯೋಗಿಯ ಮುಖ ಹೊತ್ತ ವಿಡಿಯೊ ಕಾಲ್ ಬಂತು, 40,000 ರೂಪಾಯಿ ಹೋಯ್ತು. 2024ರಲ್ಲಿ ನಾರಾಯಣ ಮೂರ್ತಿ, ಮುಕೇಶ್ ಅಂಬಾನಿ ಅವರ ಡೀಪ್‌ಫೇಕ್ ವಿಡಿಯೊ ನಂಬಿ ಬೆಂಗಳೂರಿನ ಇಬ್ಬರು 80 ಲಕ್ಷಕ್ಕೂ ಹೆಚ್ಚು ಕಳೆದುಕೊಂಡರು. ಇನ್ನು ಕನ್ನಡ ಓದಿ ಹೇಳುವ ಮಾದರಿಗಳು ಪುಕ್ಕಟೆ ಸಿಗ್ತವೆ. ಅವನ್ನ ಕಟ್ಟಿದವರು ಕಳ್ಳರಲ್ಲ. ಐಐಟಿ ಮದ್ರಾಸಿನ ಎಐ4ಭಾರತ್‌ನಂಥ ತಂಡಗಳ ಒಳ್ಳೆ ಕೆಲಸ ಅದು. ಎಂಜಿನಿಯರಿಂಗ್ ಓದುವಾಗ ಕನ್ನಡಕ್ಕೆ ಇದೆಲ್ಲ ಬರಬೇಕು ಅಂತ ನಾನೂ ಆಸೆಪಟ್ಟವನೇ.

ಯಂತ್ರಕ್ಕೆ ನಮ್ಮ 'ಬರ್ಲಿಕ್ಕತ್ತೀನಿ' ಇನ್ನೂ ನೆಟ್ಟಗೆ ಬರಲ್ಲ. ಬರೋ ಅಗತ್ಯವೂ ಇಲ್ಲ. ಅದು ಆಡೋದು ಪುಸ್ತಕದ ಕನ್ನಡ. ರಾಯಚೂರು ಸೀಮೆಯ ಮಂದಿಗೆ ಅದು ಕಚೇರಿಯ ಕನ್ನಡ, ಮೇಲಿನವರ ಕನ್ನಡ. ಆ ಕನ್ನಡದಲ್ಲಿ ಏನಾದರೂ ಹೇಳಿದರೆ 'ಹ್ಞೂಂ ಸರ್' ಅನ್ನೋದು ನಮಗೆ ಕಲಿಸದೇ ಬಂದ ಅಭ್ಯಾಸ.

ಇನ್ನೊಂದು ಅಭ್ಯಾಸವನ್ನ ಮಾತ್ರ ಸರ್ಕಾರವೇ ಕಲಿಸಿದೆ. ಮಾನ್ವಿಯಲ್ಲಿ ನನ್ನ ಗೆಳೆಯನದ್ದೊಂದು ಆನ್‌ಲೈನ್ ಸೆಂಟರ್ ಇದೆ. ಅಲ್ಲಿ ಅರ್ಧ ದಿನ ಕೂತರೆ ಗೊತ್ತಾಗುತ್ತೆ. ಪಿಎಂ ಕಿಸಾನ್, ರೇಷನ್ ಕಾರ್ಡ್, ಬೆಳೆ ವಿಮೆ, ಎಲ್ಲದಕ್ಕೂ ಹೆಬ್ಬೆಟ್ಟು, ಎಲ್ಲದಕ್ಕೂ ಕೆವೈಸಿ. "ಓಟಿಪಿ ಬಂದದ ನೋಡ್ರಿ" ಅಂತ ಜನ ಫೋನನ್ನೇ ಕೈಗೆ ಕೊಡ್ತಾರೆ. ಅವರು ದಡ್ಡರಲ್ಲ, ಹಾಗೆ ಕೊಡದಿದ್ದರೆ ಕೆಲಸ ಆಗಲ್ಲ. ಬೆಳಗ್ಗೆ ಇದನ್ನೆಲ್ಲ ಮಾಡಿಸಿ, ಸಂಜೆ 'ಓಟಿಪಿ ಯಾರಿಗೂ ಕೊಡಬೇಡಿ' ಅಂತ ಕಾಲರ್ ಟ್ಯೂನ್ ಹಾಕಿದ್ದಕ್ಕೆ ಜಾಗೃತಿ ಅಂತ ಹೆಸರು!

ಕೇಂದ್ರ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ ಸೈಬರ್ ವಂಚನೆಯಲ್ಲಿ ಜನ ಕಳೆದುಕೊಂಡಿದ್ದು 2023ರಲ್ಲಿ 7,465 ಕೋಟಿ, 2024ರಲ್ಲಿ 22,845 ಕೋಟಿ. ಇದೆಲ್ಲ ಎಐ ಕೈವಾಡ ಅಂತ ನಾನು ಹೇಳಲ್ಲ. ಆದರೆ ನಷ್ಟ ಯಾರ ತಲೆಗೆ ಅನ್ನೋ ಪ್ರಶ್ನೆಯನ್ನ ಎಐ ಬದಲಿಸಿದೆ. ಗ್ರಾಹಕರ ನಿರ್ಲಕ್ಷ್ಯದಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ ಅಂತ 2017ರ ಜುಲೈನ ಆರ್‌ಬಿಐ ಸುತ್ತೋಲೆ ಹೇಳಿತು. 'ನಿರ್ಲಕ್ಷ್ಯ' ಅನ್ನಬೇಕಾದರೆ ಅಸಲಿ ಯಾವುದು, ನಕಲಿ ಯಾವುದು ಅಂತ ಆಕೆಗೆ ಗೊತ್ತಾಗುವಂತಿರಬೇಕು, ಅಲ್ವಾ? ಮಗನ ದನಿಯಲ್ಲೇ ಫೋನ್ ಬರುವ ಕಾಲದಲ್ಲಿ ತಾಯಿ ತೋರಬೇಕಾದ ಎಚ್ಚರಿಕೆ ಯಾವುದು ಅಂತ ಯಾವ ಬ್ಯಾಂಕಾದರೂ ಬರೆದುಕೊಡಲಿ ನೋಡೋಣ. ಬಾಡಿಗೆ ಖಾತೆಗಳನ್ನ ಹಿಡಿಯೋಕೆ ಆರ್‌ಬಿಐನ ಇನ್ನೋವೇಶನ್ ಹಬ್ ಮ್ಯೂಲ್‌ಹಂಟರ್ ಅನ್ನೋ ಎಐ ಸಾಧನ ಮಾಡಿದೆ. ಅಂದ್ರೆ ಗುರುತು ಹಿಡಿಯುವ ಯಂತ್ರ ಬ್ಯಾಂಕುಗಳ ಕಡೆ ಇದೆ, ಹೊಣೆ ಮಾತ್ರ ಕೀಪ್ಯಾಡ್ ಬಿಟ್ಟು ಮೊನ್ನೆ ಸ್ಮಾರ್ಟ್‌ಫೋನ್ ಹಿಡಿದವರ ಮೇಲೆ. ವರ್ಷಕ್ಕೊಮ್ಮೆ ಹತ್ತಿ ದುಡ್ಡು ಬರುವ ಖಾತೆಯಿಂದ, ಎಂದೂ ಹಣ ಕಳಿಸದ ಊರಿನ ಖಾತೆಗೆ ಹತ್ತು ನಿಮಿಷದಲ್ಲಿ ಮೂರು ಸಲ ದುಡ್ಡು ಹೋದರೆ ತಡೆಯಬೇಕಾದವರು ಯಾರು?

ದೂರು ಕೊಡೋದೂ ಸುಲಭವಿಲ್ಲ. 1930ಕ್ಕೆ ಬೇಗ ಫೋನ್ ಮಾಡಿದರೆ ಹಣ ತಡೆಹಿಡಿಯಬಹುದು, ನಿಜ. ಚಿಗವ್ವನಿಗೆ ಹಣ ಹೋಗಿದ್ದು ಗೊತ್ತಾಗಿದ್ದೇ ಮೂರು ದಿನದ ಮೇಲೆ. ಸೈಬರ್ ಠಾಣೆ ಇರೋದು ರಾಯಚೂರಿನಲ್ಲಿ, ದೇವದುರ್ಗದಿಂದ ಸುಮಾರು 50 ಕಿ.ಮೀ. ಶಕ್ತಿ ಯೋಜನೆಯಿಂದ ಬಸ್ಸೇನೋ ಪುಕ್ಕಟೆ, ಹೋದರೆ ಒಂದು ದಿನದ ಕೂಲಿ ಹೋಗುತ್ತೆ. ಫೋನ್ ದೂರು ತಾನಾಗಿಯೇ ಎಫ್‌ಐಆರ್ ಆಗುವ ಇ-ಝೀರೋ ವ್ಯವಸ್ಥೆ 2025ರ ಮೇ ತಿಂಗಳಲ್ಲಿ ಪ್ರಾಯೋಗಿಕವಾಗಿ ಶುರುವಾಗಿದ್ದು ದೆಹಲಿಯಲ್ಲಿ, ಅದೂ 10 ಲಕ್ಷಕ್ಕಿಂತ ಹೆಚ್ಚು ಕಳೆದುಕೊಂಡವರಿಗೆ. ಆ ಮಿತಿ ದಾಟೋಕೆ ಚಿಗವ್ವ ಇನ್ನೂ 54 ಸಲ ಮೋಸ ಹೋಗಬೇಕು.

ಕೊನೆಗೆ ನಾನೇ ಜೊತೆಗೆ ಹೋಗಿ ದೂರು ಕೊಡಿಸಿ ಬಂದೆ. ಮೊನ್ನೆ ವಿಚಾರಣೆಗೆ ಅಂತ ಠಾಣೆಯಿಂದ ಅವಳಿಗೆ ಫೋನ್ ಬಂದಿತ್ತಂತೆ. ಚೆಂದ ಕನ್ನಡ ಮಾತಾಡಿದ್ರು ಅಂತ ಇಟ್ಟುಬಿಟ್ಟಿದ್ದಾಳೆ.