ಹಿಮ ನೋಡಲು ಹೋದರೆ ಉಮ್ಮನ ಕಾಲಿಗೂ ಸ್ಕೀ ಕಟ್ಟಿ

ಗಲ್ಫಿನಲ್ಲಿ ದುಡಿಯುವವರಿರುವ ನಮ್ಮ ಮನೆಗಳಲ್ಲಿ ರಜೆ ಎಂದರೆ ಮೊನ್ನೆ ಮೊನ್ನೆಯವರೆಗೂ ಊರಿಗೆ ಬರುವುದು, ಅಷ್ಟೇ. ಬಂದ ಮೂವತ್ತು ದಿನಗಳಲ್ಲಿ ಎರಡು ಮದುವೆ, ಒಂದು ಮನೆ ಒಕ್ಕಲು, ಆಸ್ಪತ್ರೆಯಲ್ಲಿರುವ ಯಾರನ್ನೋ ನೋಡಿ ಬರುವುದು, ಬ್ಯಾಂಕಿನ ಕೆಲಸ, ಮತ್ತೆ ಏರ್‌ಪೋರ್ಟ್. ಈಗ ಹಾಗಿಲ್ಲ. ಅಣ್ಣತಮ್ಮಂದಿರು ಸೇರಿ ದುಡ್ಡು ಹಾಕಿ ಮನೆಮಂದಿಯನ್ನೆಲ್ಲ ಹಿಮ ಬೀಳುವ ಕಡೆಗೆ ಕರೆದುಕೊಂಡು ಹೋಗುತ್ತಿದ್ದಾರೆ. ಮೊದಲು ಮನಾಲಿ, ಆಮೇಲೆ ಕಾಶ್ಮೀರ, ಈಗ ಜಾರ್ಜಿಯಾ, ಜಪಾನ್.

ಇದು ದುಂದು ಎನ್ನುವ ಹಿರಿಯರಿದ್ದಾರೆ. ಸಾಲ ಮಾಡಿ ಹೋಗುವುದಾದರೆ ಅವರ ಮಾತು ನೂರಕ್ಕೆ ನೂರು ಸರಿ. ಆದರೆ ಒಂದು ರಾತ್ರಿಯ ಮದುವೆ ವೇದಿಕೆಯ ಹೂವಿಗೆ ಲಕ್ಷ ಸುರಿದು ಬೆಳಿಗ್ಗೆ ಗುಡಿಸಿ ಹಾಕುವ ನಾವು, ಮಕ್ಕಳು ತಂದೆಯ ಜೊತೆ ಹತ್ತು ದಿನ ಕಳೆಯುವ ಖರ್ಚಿಗೆ ಮಾತ್ರ ಲೆಕ್ಕ ಕೇಳುವುದೇಕೆ? ನನ್ನ ತಕರಾರು ಬೇರೆಯೇ ಇದೆ. ಟಿಕೆಟ್ ಎಲ್ಲರ ಹೆಸರಿನಲ್ಲಿ ಆಗುತ್ತದೆ, ಜಾಕೆಟ್ ಎಲ್ಲರಿಗೂ ಬರುತ್ತದೆ. ಬೆಟ್ಟದ ಮೇಲೆ ಜಾರುವವರು ಮಾತ್ರ ಗಂಡಸರು ಮತ್ತು ಮಕ್ಕಳು. ಹೆಂಗಸರು ಕೆಳಗೆ ನಿಂತು ವಿಡಿಯೊ ಮಾಡುತ್ತಾರೆ, ಒದ್ದೆ ಕೈಗವಸು ಒಣಗಿಸುತ್ತಾರೆ, ರಾತ್ರಿಗೆ ಅನ್ನ ಮಾಡುತ್ತಾರೆ.

ಕಣ್ಣಾರೆ ಕಂಡದ್ದನ್ನೇ ಹೇಳುತ್ತೇನೆ. ನನ್ನ ತವರು ಸುರತ್ಕಲ್ ಕಡೆ. ಮದುವೆಯಾದ ಮೇಲೆ ಇರುವುದು ಅನಂತಪುರ ಜಿಲ್ಲೆಯ ರಾಯದುರ್ಗದಲ್ಲಿ. ನನ್ನ ಗಂಡ ಇಲ್ಲಿ ಜೀನ್ಸ್ ಹೊಲಿಸಿ ಮಂಗಳೂರು, ಕಾಸರಗೋಡಿನ ಅಂಗಡಿಗಳಿಗೆ ಕಳಿಸುತ್ತಾರೆ. ಮೈದುನನ ಬೇಕರಿ ಮಡಕಶಿರಾದಲ್ಲಿ. ಹೊಸ ಜಿಲ್ಲೆಗಳಾದ 2022ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಆದರೆ ನಮ್ಮ ಬಾಯಲ್ಲಿ ಅದು ಇನ್ನೂ ಅನಂತಪುರವೇ. ಎರಡೂ ಊರಿನ ಬೀದಿಯಲ್ಲಿ ಕನ್ನಡ ನಡೆಯುತ್ತದೆ, ಹಾಗಾಗಿ ಪರದೇಶ ಅನ್ನಿಸುವುದಿಲ್ಲ. ದೊಡ್ಡ ಭಾವ ದುಬೈಯಲ್ಲಿದ್ದಾರೆ. ಈ ಮೂರು ಮನೆ ಸೇರಿ ಕಳೆದ ಡಿಸೆಂಬರ್ ಕೊನೆಗೆ ಜಪಾನಿನ ಹೊಕ್ಕೈಡೊ ದ್ವೀಪದ ನಿಸೆಕೊಗೆ ಹೋದೆವು. ಒಟ್ಟು ಹನ್ನೆರಡು ಜನ: ಮೂರು ದಂಪತಿ, ಐವರು ಮಕ್ಕಳು, 64 ವರ್ಷದ ಮಾಮಿ. ಹೊರಡುವ ಮೊದಲೇ ಸ್ಕೀ ಪಾಠಕ್ಕೆ ಎಂಟು ಹೆಸರು ಬರೆಸಿ ಆಗಿತ್ತು. ನಾವು ನಾಲ್ವರು ಹೆಂಗಸರ ಹೆಸರು ಅದರಲ್ಲಿ ಇರಲಿಲ್ಲ.

ಯಾಕೆ ಎಂದು ಕೇಳಿದ್ದಕ್ಕೆ ಬಂದ ಉತ್ತರ: "ನಿಮ್ಮ ಕಾಲು ಮುರಿದರೆ ಮನೆ ನೋಡುವವರು ಯಾರು?" ಭಾವನ ಕಾಲು ಮುರಿದರೆ ದುಬೈಯ ಕಚೇರಿಗೆ ಹೋಗುವವರು ಯಾರು ಎಂದು ಯಾರೂ ಕೇಳಿರಲಿಲ್ಲ. ನಮ್ಮ ಮನೆಯ ಗಂಡಸರು ಕೆಟ್ಟವರಲ್ಲ. ಅವರ ತಲೆಗೆ ಅದು ಹೊಳೆದೇ ಇಲ್ಲ. ಹೊಳೆಯದೆ ಇರುವುದೇ ದೊಡ್ಡ ಕಷ್ಟ.

ದುಬೈಯಲ್ಲಿರುವವರಿಗೆ ಸ್ಕೀ ದುಬೈ ಗೊತ್ತಿರುತ್ತದೆ. ಮಾಲ್ ಆಫ್ ದಿ ಎಮಿರೇಟ್ಸ್‌ನೊಳಗೆ 2005ರಲ್ಲಿ ತೆರೆದ, ಮರಳುಗಾಡಿನ ಮಧ್ಯೆ ತಣ್ಣಗೆ ಮಾಡಿಟ್ಟ ಹಿಮದ ಇಳಿಜಾರು. ಅತಿ ಉದ್ದದ ದಾರಿಯೇ 400 ಮೀಟರ್. ಹೊರಗೆ ದೊಡ್ಡ ಗಾಜು, ಗಾಜಿನ ಆಚೆ ಕಾಫಿ ಅಂಗಡಿ. ನನ್ನ ದೊಡ್ಡ ಓರಗಿತ್ತಿ ಹದಿನೈದು ವರ್ಷದಿಂದ ದುಬೈಯಲ್ಲಿದ್ದಾಳೆ. ಮಗ ಅಲ್ಲಿ ಸ್ಕೀ ಕಲಿತು ಪಳಗುವವರೆಗೂ ಅವಳು ಗಾಜಿನ ಈಚೆಯೇ ಕುಳಿತಿದ್ದಳು. ಒಂದು ಸಲವೂ ಒಳಗೆ ಕಾಲಿಟ್ಟಿಲ್ಲವಂತೆ.

ನಿಸೆಕೊದ ಹಿಮ ಸ್ಕೀ ದುಬೈಯ ಹಿಮವಲ್ಲ. ಅಕ್ಕಿ ಹಿಟ್ಟನ್ನು ಜರಡಿ ಹಿಡಿದಂತೆ ಇಳಿಯುತ್ತದೆ, ಹಗಲೂ ರಾತ್ರಿಯೂ. ಕೈಯಲ್ಲಿ ಹಿಡಿದರೆ ಉಂಡೆ ಕಟ್ಟುವುದಿಲ್ಲ. ಸಿನಿಮಾದಲ್ಲಿ ನೋಡಿದಂತೆ ಉಂಡೆ ಮಾಡಿ ಎಸೆಯಬೇಕೆಂದಿದ್ದ ಮೈದುನನ ಆರು ವರ್ಷದ ಮಗನಿಗೆ ಮೊದಲ ದಿನವೇ ನಿರಾಸೆ. ಇಷ್ಟು ಹಗುರವಾದ, ಒಣ ಹಿಮ ಯಾಕೆ ಬೀಳುತ್ತದೆ ಎಂಬುದನ್ನು ನನ್ನ ಮಗನಿಗೆ ನಾನು ನಮ್ಮ ಊರನ್ನೇ ಮುಂದಿಟ್ಟು ಹೇಳಿಕೊಟ್ಟೆ. ಸೈಬೀರಿಯಾದ ಕಡೆಯಿಂದ ಒಣ ಚಳಿಗಾಳಿ ಹೊರಡುತ್ತದೆ. ಜಪಾನ್ ಸಮುದ್ರದ ನೀರು ಆ ಗಾಳಿಗಿಂತ ಬೆಚ್ಚಗಿರುತ್ತದೆ. ಗಾಳಿ ಅದರ ಮೇಲೆ ಹಾದು ಬರುವಾಗ ತೇವ ಹೀರಿ, ಎದುರಿಗೆ ಬೆಟ್ಟ ಸಿಕ್ಕಿದಾಗ ಮೇಲೇರಿ, ಹೊತ್ತದ್ದನ್ನೆಲ್ಲ ಅಲ್ಲೇ ಇಳಿಸುತ್ತದೆ. ಬೆಟ್ಟ ದಾಟಿ ಟೋಕಿಯೊ ಕಡೆಗೆ ಬರುವಾಗ ಗಾಳಿಯಲ್ಲಿ ಏನೂ ಉಳಿದಿರುವುದಿಲ್ಲ. ಅಲ್ಲಿ ಚಳಿಗಾಲದಲ್ಲಿ ಒಣ ಬಿಸಿಲು.

ನಮ್ಮಲ್ಲೂ ಲೆಕ್ಕ ಇದೇ. ಅರಬಿ ಸಮುದ್ರದಿಂದ ಬಂದ ಮುಂಗಾರು ಘಟ್ಟಕ್ಕೆ ತಾಗಿ ಮಂಗಳೂರಿನ ಕಡೆಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಘಟ್ಟ ದಾಟಿ ರಾಯದುರ್ಗ, ಮಡಕಶಿರಾ ಮುಟ್ಟುವ ಹೊತ್ತಿಗೆ ಗಾಳಿ ಬರಿಗೈ. ಅನಂತಪುರ ಜಿಲ್ಲೆಯ ವರ್ಷದ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಮಳೆ ನೆರಳಿನ ಪ್ರದೇಶ ಎಂದು ಮಗ ಪಾಠದಲ್ಲಿ ಬಾಯಿಪಾಠ ಮಾಡಿದ್ದ. ಹಾಗಾದರೆ ನಿಸೆಕೊ ಎಂದರೆ ಜಪಾನಿನ ಸುರತ್ಕಲ್, ಟೋಕಿಯೊ ಎಂದರೆ ಅಲ್ಲಿನ ರಾಯದುರ್ಗ ಎಂದಾಗ ಅವನಿಗೆ ಥಟ್ಟನೆ ಹತ್ತಿತು.

ನಮ್ಮ ಕಡೆ ಗಾಳಿ ಹೊತ್ತು ತರುವುದು ಮರಳನ್ನು. ಬೊಮ್ಮನಹಾಳ್ ಮಂಡಲದ ದರ್ಗಾ ಹೊನ್ನೂರಿನಲ್ಲಿ ಬತ್ತಿದ ಹಗರಿ ಹೊಳೆಯ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬ ದಿಬ್ಬವಾಗಿ ಕುಳಿತಿದೆ. ದುಬೈಯ ಮಕ್ಕಳು ಒಮ್ಮೆ ಅದನ್ನು ನೋಡಿ ಹಲಗೆ ತಂದು ಜಾರೋಣ ಎಂದಾಗ ನಾನು ಬೇಡ ಎಂದಿದ್ದೆ. ಅದು ಯಾರದೋ ಕಡಲೆಕಾಯಿ ಹೊಲ. ರೈತ ಮರಳು ತೆಗೆಸಲು ದುಡ್ಡು ಕೊಡಬೇಕಾದ ಜಾಗದಲ್ಲಿ ನಮ್ಮ ಆಟ ಸಲ್ಲದು.

ಸರಿ, ನಿಸೆಕೊದ ಮಾತಿಗೆ ಬರುತ್ತೇನೆ. ಎರಡನೇ ದಿನ ಬೆಳಿಗ್ಗೆ ನಾವು ಮೂವರು ಓರಗಿತ್ತಿಯರು ಹೊಸಬರ ಪಾಠಕ್ಕೆ ಹೆಸರು ಕೊಟ್ಟೆವು. ಮಾಮಿ "ಬೇಂಡ" ಎಂದರು. ಅವರಿಗೆ ಅಗಲವಾದ ಹಿಮಪಾದುಕೆ ಕಟ್ಟಿ ಕಾಡಿನ ದಾರಿಯಲ್ಲಿ ನಡೆಸಿದರು, ಅದೇ ಅವರಿಗೆ ಖುಷಿಯಾಯಿತು.

ಪರ್ದಾದ ಮಾತು ಎತ್ತುವವರಿಗೆ ಒಂದು ಮಾತು. ಸ್ಕೀಗೆ ಹಾಕುವ ಪ್ಯಾಂಟು, ಜಾಕೆಟ್ ಎರಡೂ ದೊಗಲೆ. ತಲೆಗೆ ಹೆಲ್ಮೆಟ್, ಕಣ್ಣಿಗೆ ಗಾಗಲ್ಸ್, ಕುತ್ತಿಗೆಯಿಂದ ಮೂಗಿನವರೆಗೆ ಬಟ್ಟೆ. ಹೆಲ್ಮೆಟ್ ಒಳಗೆ ತೆಳುವಾದ ಹತ್ತಿಯ ಹಿಜಾಬ್ ಹಿತವಾಗಿ ಕೂರುತ್ತದೆ, ಪಿನ್ನು ಮಾತ್ರ ಬೇಡ. ಆ ಇಳಿಜಾರಿನಲ್ಲಿ ಯಾರು ಗಂಡು, ಯಾರು ಹೆಣ್ಣು ಎಂದು ಹತ್ತು ಅಡಿ ದೂರದಿಂದ ಗೊತ್ತಾಗುವುದಿಲ್ಲ. ಊರಿನ ಮದುವೆ ಹಾಲಿಗಿಂತ ಅಲ್ಲಿ ನಾನು ಹೆಚ್ಚು ಮರೆಯಾಗಿದ್ದೆ. ಕಲಿಸಲು ಹೆಂಗಸೇ ಬೇಕು ಎಂದು ಬುಕ್ ಮಾಡುವಾಗಲೇ ಕೇಳಬಹುದು. ಮುಜುಗರವಾಗುವುದು ಸಂಜೆಯ ಬಿಸಿನೀರಿನ ಸಾರ್ವಜನಿಕ ಸ್ನಾನಕ್ಕೆ. ಅಲ್ಲಿ ಬಟ್ಟೆ ಇಲ್ಲದೆ ಇಳಿಯುವುದು ರೂಢಿ. ಅದನ್ನು ಬಿಟ್ಟರಾಯಿತು. ಬೇಕೇ ಬೇಕು ಎನ್ನುವವರಿಗೆ ಕುಟುಂಬಕ್ಕೆಂದೇ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸ್ನಾನದ ಕೋಣೆಗಳು ಕೆಲವೆಡೆ ಸಿಗುತ್ತವೆ.

ಮೊದಲ ಪಾಠ ನಿಲ್ಲುವುದು. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಇಟ್ಟರೆ ವೇಗ ತಗ್ಗುತ್ತದೆ. ಆ ಆಕಾರಕ್ಕೆ ಕಲಿಸುವವರು ಪಿಜ್ಜಾ ಎನ್ನುತ್ತಾರೆ. ಮಡಕಶಿರಾದ ಓರಗಿತ್ತಿ ಅದಕ್ಕೆ ಸಮೋಸ ಎಂದು ಹೆಸರಿಟ್ಟಳು, ಬೇಕರಿಯವಳಲ್ಲವೇ. "ಸಮೋಸ, ಸಮೋಸ" ಎಂದು ಕೂಗಿಕೊಳ್ಳುತ್ತ ಇಳಿಯುವ ನಮ್ಮನ್ನು ಕಂಡು ಉಳಿದವರೂ ಕಲಿತುಬಿಟ್ಟರು. ಮೂರನೇ ದಿನಕ್ಕೆ ನಾವು ಲಿಫ್ಟ್ ಏರಿ ಸುಲಭದ ದಾರಿಯಲ್ಲಿ ಕೆಳಗಿನವರೆಗೂ ಬಂದೆವು. ದುಬೈಯ ಓರಗಿತ್ತಿ ಕೆಳಗೆ ಬಂದು ನಿಂತವಳು ಏನೂ ಮಾತಾಡದೆ ಮತ್ತೆ ಲಿಫ್ಟಿನ ಸಾಲಿಗೆ ಹೋಗಿ ನಿಂತಳು.

ಇನ್ನು ಅಡುಗೆಯ ವಿಷಯ, ಇದು ಬಲು ಸೂಕ್ಷ್ಮ. ಹಲಾಲ್ ಸಿಗುವುದಿಲ್ಲ ಎಂದು ನಮ್ಮವರು ಅಡುಗೆಮನೆ ಇರುವ ಅಪಾರ್ಟ್‌ಮೆಂಟನ್ನೇ ಹುಡುಕುತ್ತಾರೆ. ಹುಡುಕಲಿ, ತಪ್ಪಿಲ್ಲ, ರಾಮೆನ್ ಸಾರು ಬಹುಪಾಲು ಹಂದಿ ಎಲುಬಿನದು, ಅಡುಗೆಗೆ ಹಾಕುವ ಮಿರಿನ್‌ನಲ್ಲಿ ಮದ್ಯದ ಅಂಶವಿದೆ. ಆದರೆ ಅಡುಗೆಮನೆ ಬಾಡಿಗೆಗೆ ಹಿಡಿದ ಕೂಡಲೇ ಹೆಂಗಸರ ರಜೆ ಮುಗಿಯಿತು. ಮೊದಲ ಸಂಜೆ ನಾನು ಹನ್ನೆರಡು ಜನರಿಗೆ ಒರೊಟ್ಟಿ ತಟ್ಟಿದ್ದೇನೆ, ಹೊರಗೆ ಹಿಮ ಬೀಳುವುದನ್ನು ಅಡುಗೆಮನೆಯ ಕಿಟಕಿಯಿಂದ ನೋಡುತ್ತ. ಎರಡನೇ ದಿನದಿಂದ ಗಂಡಸರ ಪಾಳಿ. ಅನ್ನ, ಮೊಟ್ಟೆ, ಉಪ್ಪು ಹಚ್ಚಿ ಸುಟ್ಟ ಮೀನು. ಹೊಕ್ಕೈಡೊದಲ್ಲಿ ಮೀನಿಗೆ ಬರವಿಲ್ಲ, ಕರಾವಳಿಯವರಿಗೆ ಇನ್ನೇನು ಬೇಕು? ಮೈದುನ ಸುಟ್ಟ ಮೀನು ಸ್ವಲ್ಪ ಕರಕಲಾಗಿತ್ತು, ಯಾರೂ ಉಪವಾಸ ಬೀಳಲಿಲ್ಲ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸಂಜೆ ನಾಲ್ಕು ದಾಟುತ್ತಿದ್ದಂತೆ ಮಗ್ರಿಬ್. ಅಡುಗೆಗೆ ಎಲ್ಲರಿಗೂ ಬೇಕಾದಷ್ಟು ಹೊತ್ತಿರುತ್ತದೆ.

ಇಷ್ಟೇ ಆಗಿದ್ದರೆ ಇದು ಹೆಂಗಸರ ಖುಷಿಯ ಪ್ರಶ್ನೆ ಎಂದು ಬಿಟ್ಟುಬಿಡಬಹುದಿತ್ತು. ಹಾಗಲ್ಲ. ನಾಲ್ಕನೇ ದಿನ ಭಾವನ ಹದಿನೇಳು ವರ್ಷದ ಮಗ ಹಗ್ಗದ ಕೆಳಗೆ ನುಸುಳಿ ಕಾಡಿನ ಹಿಮಕ್ಕೆ ಹೋದ. ಸ್ಕೀ ದುಬೈಯಲ್ಲಿ ಪಳಗಿದ ಹುಡುಗ, ಹೆದರಿಕೆ ಇಲ್ಲ. ಆದರೆ ತುಳಿದು ಗಟ್ಟಿ ಮಾಡಿದ ದಾರಿ ಬೇರೆ, ಸೊಂಟದವರೆಗೆ ಹೂತು ಹೋಗುವ ಪುಡಿ ಹಿಮ ಬೇರೆ. ಅದರಲ್ಲಿ ಬಿದ್ದರೆ ಕೈಯೂರಿ ಏಳಲು ನೆಲವೇ ಸಿಗದು; ಕಳಚಿದ ಸ್ಕೀ ಎಲ್ಲೋ ಅಡಿಯಲ್ಲಿ ಮಾಯ. ಮರದ ಬುಡದಲ್ಲಿ ಕೊಂಬೆಗಳ ಕೆಳಗೆ ಹಿಮ ಸಡಿಲವಾಗಿ, ಮೇಲಿನಿಂದ ಕಾಣದ ಹೊಂಡ ಉಳಿದಿರುತ್ತದೆ. ತಲೆಕೆಳಗಾಗಿ ಅದರೊಳಗೆ ಬಿದ್ದವನು ಉಸಿರು ಕಟ್ಟಿ ಸಾಯಬಹುದು, ಜೊತೆಯವರು ಪಕ್ಕದಲ್ಲೇ ಇದ್ದರೂ. ಹಿಮಕುಸಿತ ಬೇರೆ. ಅದಕ್ಕೇ ನಿಸೆಕೊದಲ್ಲಿ ನಿಯಮವಿದೆ: ಹೊರಗಿನ ಬೆಟ್ಟಕ್ಕೆ ಹೋಗುವವರು ಗೇಟಿನ ಮೂಲಕವೇ, ಗೇಟು ತೆರೆದಾಗ ಮಾತ್ರ ಹೋಗಬೇಕು. ಹಗ್ಗ ನುಸುಳುವುದು ಕಡ್ಡಾಯವಾಗಿ ನಿಷಿದ್ಧ.

ಹುಡುಗ ಒಂದು ಗಂಟೆ ತಡವಾಗಿ, ಒಂದೇ ಸ್ಕೀ ಹಿಡಿದು ಕುಂಟುತ್ತ ಬಂದ. ಭಾವ ಅದನ್ನು ಗಂಡುಮಕ್ಕಳ ಸಾಹಸ ಎಂಬಂತೆ ನಗುತ್ತ ಕೇಳುತ್ತಿದ್ದರು. ಆದರೆ ಅವನ ಉಮ್ಮ ಎರಡು ದಿನದಿಂದ ಆ ಹಿಮದಲ್ಲಿ ಬಿದ್ದು ಎದ್ದವಳು. ದಾರಿಯ ಅಂಚಿನಲ್ಲಿ ಕೋಲು ಹಿಡಿಯವರೆಗೂ ಇಳಿದದ್ದನ್ನು ತಾನೇ ನೋಡಿದವಳು. ಅವನ ಲಿಫ್ಟ್ ಪಾಸ್ ಕೈಗೆ ತೆಗೆದುಕೊಂಡು, "ನಾಳೆ ನನ್ನ ಜೊತೆ ಸಮೋಸ ದಾರಿಯಲ್ಲಿ" ಎಂದಳು. ಅವನು ಮರುಮಾತಾಡಲಿಲ್ಲ. ಹಿಂದಿನಂತೆ ಗಾಜಿನ ಈಚೆ ಕುಳಿತವಳಾಗಿದ್ದರೆ "ಉಮ್ಮನಿಗೇನು ಗೊತ್ತು" ಎಂದು ಹೇಳಿಬಿಡುತ್ತಿದ್ದ. ಮಕ್ಕಳ ಜೀವಕ್ಕೆ ಅಪಾಯ ಎಲ್ಲಿದೆ ಎಂಬುದು ಮನೆಯಲ್ಲಿ ಒಬ್ಬರಿಗಷ್ಟೇ ಗೊತ್ತಿದ್ದರೆ ಸಾಲದು, ಆ ಒಬ್ಬರೂ ನಗುವವರಾದರೆ ಇನ್ನೂ ಕಷ್ಟ.

ನಮ್ಮ ಹೆಣ್ಣುಮಕ್ಕಳಿಗೆ ಇದೆಲ್ಲ ಎಲ್ಲಿ ಒಗ್ಗುತ್ತದೆ ಎನ್ನುವವರು ಸುಳ್ಯ ದಾಟಿ ಕೊಡಗಿನತ್ತ ನೋಡಲಿ. ಹಿಮವೇ ಬೀಳದ ಆ ಜಿಲ್ಲೆಯ ಭವಾನಿ ತೆಕ್ಕಡ ನಂಜುಂಡ 2023ರಲ್ಲಿ ಸ್ಲೊವೇನಿಯಾದ ಪ್ಲಾನಿಕಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಪರವಾಗಿ ಕ್ರಾಸ್ ಕಂಟ್ರಿ ಸ್ಕೀ ಓಡಿದರು. ನಮ್ಮ ಹುಡುಗಿಯರು ಪದಕ ತರಬೇಕೆಂದು ನಾನು ಹೇಳುತ್ತಿಲ್ಲ. ಒಂದು ವಾರದ ರಜೆಯಲ್ಲಿ ಲಿಫ್ಟ್ ಏರಿ ಇಳಿದು ಬಂದರೆ ಸಾಕು.

ಜಪಾನೇ ಆಗಬೇಕೆಂದೂ ಇಲ್ಲ. ಗುಲ್ಮಾರ್ಗಿನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, ಹೊಸಬರಿಗೆ ತರಬೇತಿ ಕೊಡುತ್ತದೆ. ಅಲ್ಲಿನ ಅಫರ್ವತ್ ಬೆಟ್ಟದ ಮೇಲೂ ಆಳವಾದ ಪುಡಿ ಹಿಮ ಬೀಳುತ್ತದೆ. ಅಲ್ಲೂ ಹಿಮಕುಸಿತದ ಭಯ ಇದ್ದೇ ಇದೆ. 2024ರ ಫೆಬ್ರವರಿಯಲ್ಲಿ ವಿದೇಶಿ ಸ್ಕೀಗಾರನೊಬ್ಬ ಅದರಲ್ಲೇ ತೀರಿಕೊಂಡ. ಅದೇ ವರ್ಷದ ಜನವರಿಯಲ್ಲಿ ಹಿಮವೇ ಇಲ್ಲದೆ ಗುಲ್ಮಾರ್ಗ್ ಬೋಳಾಗಿತ್ತು, ಆದ್ದರಿಂದ ಟಿಕೆಟಿನ ಮೊದಲು ಹಿಮದ ಸುದ್ದಿ ನೋಡಿ. ಎಲ್ಲಿಗೆ ಹೋದರೂ ಪ್ರಯಾಣ ವಿಮೆಯಲ್ಲಿ ಸ್ಕೀ ಸೇರಿದೆಯೇ, ಗುರುತು ಹಾಕಿದ ದಾರಿಯ ಹೊರಗೆ ಅದು ನಡೆಯುತ್ತದೆಯೇ ಎಂದು ಓದಿಕೊಳ್ಳಿ.

ಬರುವ ಚಳಿಗಾಲಕ್ಕೆ ಈಗಲೇ ಗುಂಪು ಕಟ್ಟುತ್ತಿರುವ ಅಣ್ಣಂದಿರೇ, ಬಾಡಿಗೆ ಸಾಮಾನಿಗೆ ಪಟ್ಟಿ ಬರೆಯುವಾಗ ಮನೆಯ ಹೆಂಗಸರ ಪಾದದ ಅಳತೆಯನ್ನೂ ಕೇಳಿ. ಜಪಾನಿನಲ್ಲಿ ಬೂಟನ್ನು ಸೆಂಟಿಮೀಟರಿನಲ್ಲಿ ಕೊಡುತ್ತಾರೆ, ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ. ಚಪ್ಪಲಿ ನಂಬರು ಹೇಳಿದರೆ ಅಲ್ಲಿ ನಡೆಯುವುದಿಲ್ಲ.