ಬಟ್ಟೆಯ ರೆಕ್ಕೆ

ಹಲಸೂರಿನ ನಮ್ಮ ಶಾಲೆಯ ಕಿಟಕಿಗಳು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ವಿಮಾನದ ಸದ್ದು ಕೇಳಿದೊಡನೆ ಅರ್ಧ ತರಗತಿ ಅತ್ತ ತಿರುಗುತ್ತಿತ್ತು. ನಿಮ್ಮಲ್ಲಿ ಅನೇಕರ ತಂದೆಯವರು ಎಚ್.ಎ.ಎಲ್. ನೌಕರರು. ಅಂಥ ಒಬ್ಬರನ್ನು ಕುರಿತು ಇಂದು ಬರೆಯಬೇಕೆನಿಸಿದೆ.

ಅವರದು ವಿಮಾನಕ್ಕೆ ಬಟ್ಟೆ ಹೊದಿಸುವ ಕೆಲಸ. 'ವಿಮಾನಕ್ಕೆ ಬಟ್ಟೆಯೇ?' ಎಂದು ನಾನು ನಕ್ಕಿದ್ದೆ. ಎಚ್.ಎ.ಎಲ್. ನಿರ್ಮಿಸಿದ 'ಪುಷ್ಪಕ್' 1958ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿಗೆ ಹಾರಿತು. ಇಬ್ಬರು ಕೂರುವ, 90 ಅಶ್ವಶಕ್ತಿಯ ಪುಟ್ಟ ವಿಮಾನ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿ ಹಾರಾಟ ಕಲಿತದ್ದು ಅದರಲ್ಲಿಯೇ. ಅದರ ಒಡಲು ಉಕ್ಕಿನ ಕೊಳವೆಗಳ ಚೌಕಟ್ಟು, ಹೊದಿಕೆ ಬಟ್ಟೆ.

ಆ ಹಿರಿಯರು ನನಗೆ ವಿವರಿಸಿದ್ದು ಹೀಗೆ: ಚೌಕಟ್ಟಿನ ಮೇಲೆ ಬಟ್ಟೆ ಎಳೆದು, ಮೇಣ ತಿಕ್ಕಿದ ದಾರದಿಂದ ರೆಕ್ಕೆಯೊಳಗಿನ ಅಡ್ಡಪಟ್ಟಿಗಳಿಗೆ ಹೊಲಿಯಬೇಕು. ಪ್ರತಿ ಹೊಲಿಗೆಗೂ ಪ್ರತ್ಯೇಕ ಗಂಟು. ಒಂದು ಹರಿದರೆ ಮುಂದಿನದು ಬಿಚ್ಚಬಾರದು. ಬಳಿಕ 'ಡೋಪ್' ಎಂಬ ದ್ರಾವಣವನ್ನು ಹಲವು ಬಾರಿ ಹಚ್ಚಬೇಕು. ಅದು ಒಣಗಿದಂತೆ ಬಟ್ಟೆ ಬಿಗಿದು, ಬೆರಳಿನಿಂದ ತಟ್ಟಿದರೆ ಮೃದಂಗದಂತೆ ನುಡಿಯುತ್ತದೆ. ಬಿಸಿಲು ನೂಲನ್ನು ತಿನ್ನದಿರಲೆಂದು ಕೆಲವು ಲೇಪಗಳಲ್ಲಿ ಅಲ್ಯುಮಿನಿಯಂ ಪುಡಿ ಬೆರೆಸುತ್ತಾರೆ. ಆದರೂ ಬಟ್ಟೆಗೆ ಆಯುಸ್ಸುಂಟು. ಅದನ್ನು ಬಿಚ್ಚಿದಾಗಲೇ ಒಳಗಿನ ತುಕ್ಕು, ಕೊಳೆತ ಮರ, ಸಡಿಲವಾದ ಅಂಟು ಕಣ್ಣಿಗೆ ಬೀಳುವುದು.

ಒಂದು ಸಂಜೆ ಅವರು ಮಗನೊಡನೆ ನಮ್ಮ ಮನೆಗೆ ಬಂದರು. 'ಮೇಷ್ಟ್ರೇ, ಇವನಿಗೆ ನನ್ನ ಕೆಲಸ ಕಲಿಸೋಣವೆಂದಿದ್ದೇನೆ, ತಾವೇನು ಹೇಳುತ್ತೀರಿ?' ಎಂದರು. ಹುಡುಗನ ಕೈ ಬಹಳ ಚುರುಕು. ಆದರೆ ನಾನು, 'ಹೊಲಿಗೆ ಕೆಲಸ ಏಕೆ? ಪದವಿ ಓದಿಸಿ' ಎಂದೆ. ಅವರು ತಲೆ ತಗ್ಗಿಸಿ, 'ಆಗಲಿ ಮೇಷ್ಟ್ರೇ' ಎಂದು ಹೊರಟರು. ಆತ ಓದಿ ಕಚೇರಿ ಸೇರಿ ಸುಖವಾಗಿದ್ದಾನೆ. ಆದರೂ ಆ ತಗ್ಗಿದ ತಲೆಯನ್ನು ನಾನು ಮರೆತಿಲ್ಲ. ಮೂವತ್ತು ವರ್ಷಗಳ ವಿದ್ಯೆಗೆ ನಾನು 'ಹೊಲಿಗೆ' ಎಂಬ ಒಂದೇ ಪದವನ್ನು ಕೊಟ್ಟಿದ್ದೆ.

ಈಗ ಇದೆಲ್ಲ ಏಕೆ ಬೇಕು ಎಂದು ಕೇಳುವವರಿದ್ದಾರೆ. ನಮ್ಮ ವಾಯುಪಡೆಯ ಹಳೆಯ ಟೈಗರ್ ಮಾತ್ ವಿಮಾನ, ಮರದ ರೆಕ್ಕೆ, ಬಟ್ಟೆಯ ಹೊದಿಕೆಯದು, ಬ್ರಿಟನ್ನಿನಲ್ಲಿ ದುರಸ್ತಿಯಾಗಿ 2012ರಲ್ಲಿ ಮತ್ತೆ ಹಾರಿತು. ಆ ಸುದ್ದಿ ಓದಿ ಸಂತೋಷಪಟ್ಟೆ. ಮರುಕ್ಷಣವೇ ವಿಮಾನಪುರದ ಆ ಕೈಗಳು ನೆನಪಾದವು. ಲೋಹದ ವಿಮಾನವನ್ನು ನಿಲ್ಲಿಸಿಟ್ಟರೂ ಅದು ಬಹುಕಾಲ ಉಳಿದೀತು. ಬಟ್ಟೆಯ ವಿಮಾನವನ್ನು ಉಳಿಸಬೇಕಾದರೆ ಮತ್ತೆ ಮತ್ತೆ ಹೊದಿಸಲೇಬೇಕು. ಹೊದಿಸಬಲ್ಲವರು ಇಲ್ಲವಾದರೆ ಉಳಿಯುವುದು ಅಸ್ಥಿಪಂಜರ ಮಾತ್ರ.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: 2001ರಲ್ಲಿ ಆರಂಭವಾದ ಎಚ್.ಎ.ಎಲ್. ವಸ್ತುಸಂಗ್ರಹಾಲಯದಂಥ ಕಡೆ ಒಂದು ರೆಕ್ಕೆಯ ಚೌಕಟ್ಟನ್ನಾದರೂ ಇಟ್ಟು, ಈ ಕೆಲಸ ಬಲ್ಲ ನಿವೃತ್ತರನ್ನು ಕರೆಸಿ ಐಟಿಐ ಮಕ್ಕಳಿಗೆ ಕಲಿಸಬೇಕು. ಬಲ್ಲವರು ಇರುವಾಗಲೇ ಅದು ಆಗಬೇಕು.

ನಿಮ್ಮ ತಂದೆ, ಚಿಕ್ಕಪ್ಪ ಅಥವಾ ಮಾವ ಈ ಕೆಲಸದಲ್ಲಿದ್ದರೆ, ಅವರ ಬಳಿ ಕುಳಿತು ಕೇಳಿ ಬರೆದಿಡಿ. ಮೇಷ್ಟ್ರು ಅಂದು ಕೊಟ್ಟ ತಪ್ಪು ಉತ್ತರವನ್ನು ತಿದ್ದುವ ಕೆಲಸ ಈಗ ಶಿಷ್ಯರದು.