ಹಗ್ಗ ಎಳೆಯುವ ಹಕ್ಕು ಯಾರಿಗಿದೆ?

ಬಾಗಲಗುಂಟೆಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಊಟದ ಪಾರ್ಸೆಲ್ ತಲುಪಿಸುವ ಕೆಲಸ ಮಾಡುತ್ತಾನೆ. ಒಂದು ಬೆಳಿಗ್ಗೆ ಗೇಟಿನ ಬಳಿ ನನ್ನನ್ನು ನಿಲ್ಲಿಸಿ ಕೇಳಿದ: “ಅಣ್ಣಾ, ನೀವು ಗಾಡಿ ಸಾಫ್ಟ್‌ವೇರ್ ಕೆಲಸದಲ್ಲೇ ಇದ್ದೀರಲ್ಲ, ರಾತ್ರಿ ಇದಕ್ಕೇನು ಮಾಡಿದ್ರು? ನಿನ್ನೆವರೆಗೂ ಆಕ್ಸಿಲರೇಟರ್ ಬಿಟ್ರೆ ನಿಧಾನಕ್ಕೆ ಸ್ಪೀಡ್ ಇಳೀತಿತ್ತು. ಇವತ್ತು ಗಕ್ ಅಂತ ಹಿಡ್ಕೊಳ್ತಿದೆ. ಎಂಟನೇ ಮೈಲಿ ಹತ್ರ ಹಿಂದಿದ್ದ ಬಸ್ಸು ಗುದ್ದೇಬಿಡ್ತಿತ್ತು.”

ಸ್ಕೂಟರಿನ ಪರದೆ ನೋಡಿದೆ. ರಾತ್ರಿ ಸಾಫ್ಟ್‌ವೇರ್ ಅಪ್‌ಡೇಟ್ ಆಗಿತ್ತು. ಕೆಲವು ದೋಷ ಸರಿಪಡಿಸಿದ್ದೇವೆ, ಕೆಲವು ಸುಧಾರಣೆ ಮಾಡಿದ್ದೇವೆ ಎಂಬರ್ಥದ ಒಂದೇ ಒಂದು ಸಾಲು ಇಂಗ್ಲಿಷಿನಲ್ಲಿತ್ತು. ಮೋಟಾರೇ ಜನರೇಟರಾಗಿ ಗಾಡಿಯನ್ನು ನಿಧಾನಿಸುವ ಬ್ರೇಕಿಂಗಿನ ಬಲವನ್ನು ಯಾರೋ ಹೆಚ್ಚಿಸಿರಬೇಕೆಂದು ಊಹಿಸಿದೆ. ಅದು ಊಹೆ ಮಾತ್ರ. ಯಾರು ಬದಲಾಯಿಸಿದರು, ಯಾಕೆ ಬದಲಾಯಿಸಿದರು, ಯಾವ ರಸ್ತೆಯಲ್ಲಿ ಓಡಿಸಿ ನೋಡಿದರು ಎನ್ನುವುದು ಗೊತ್ತಾಗುವ ದಾರಿ ಅವನಿಗೂ ಇರಲಿಲ್ಲ, ನನಗೂ ಇರಲಿಲ್ಲ.

ನಮ್ಮ ಉದ್ಯಮದಲ್ಲಿ ಇದಕ್ಕೆ ಇಟ್ಟಿರುವ ಹೆಸರು ಅಜೈಲ್. ಇನ್ನೂ ದೊಡ್ಡ ಹೆಸರು ಬೇಕಿದ್ದರೆ ಕಂಟಿನ್ಯೂಯಸ್ ಡೆಲಿವರಿ. ಎರಡೂ ಒಳ್ಳೆಯ ಪದಗಳೇ. ಎರಡನ್ನೂ ನಾವು ಕೆಡಿಸಿದ್ದೇವೆ ಎನ್ನುವುದು ನನ್ನ ತಕರಾರು.

ಅಜೈಲ್ ವಿರೋಧಿಗಳ ಸಾಲಿಗೆ ನನ್ನನ್ನು ಸೇರಿಸಬೇಡಿ. ಅವರ ವಾದ ನನಗೆ ಗೊತ್ತಿದೆ: ಕಾರು ಮೊಬೈಲ್ ಆ್ಯಪ್ ಅಲ್ಲ, ಬ್ರೇಕಿನ ಕೋಡನ್ನು ಎರಡು ವಾರಕ್ಕೊಮ್ಮೆ ಮುಟ್ಟುವಂತಿಲ್ಲ, ಎಲ್ಲ ಅಗತ್ಯಗಳನ್ನೂ ಮೊದಲೇ ಬರೆದಿಟ್ಟುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹತ್ತುವ ಹಳೆಯ ‘ವಿ’ ಮಾದರಿಯೇ ಸುರಕ್ಷಿತ. ವಾಹನಗಳ ಸುರಕ್ಷತೆಗೆಂದು 2011ರಲ್ಲಿ ಬಂದು 2018ರಲ್ಲಿ ಪರಿಷ್ಕಾರಗೊಂಡ ಐಎಸ್‌ಒ 26262 ಮಾನದಂಡವನ್ನು ಅವರು ಇದಕ್ಕೆ ಸಾಕ್ಷಿಯಾಗಿ ಎತ್ತಿ ತೋರಿಸುತ್ತಾರೆ. ಆ ಮಾನದಂಡ ಕೇಳುವುದು ಪುರಾವೆ. ಈ ಅಪಾಯಕ್ಕೆ ಈ ಎಚ್ಚರ, ಈ ಎಚ್ಚರಕ್ಕೆ ಈ ಪರೀಕ್ಷೆ ಎಂದು ತೋರಿಸಬೇಕು. ಆ ಪುರಾವೆಯನ್ನು ಮೂರು ವರ್ಷಕ್ಕೊಮ್ಮೆ ಮಾತ್ರ ಕೂಡಿಹಾಕಬೇಕು, ದಿನಾ ಕೂಡಿಹಾಕಬಾರದು ಎಂದು ಅದು ಎಲ್ಲೂ ಹೇಳುವುದಿಲ್ಲ.

ನಿಧಾನವೇ ಸುರಕ್ಷತೆ ಎನ್ನುವವರು 2015ರ ಜೀಪ್ ಚೆರೋಕಿಯನ್ನು ನೆನೆಯಲಿ. ಇಬ್ಬರು ಸಂಶೋಧಕರು ದೂರದಲ್ಲಿ ಕೂತು, ಹೆದ್ದಾರಿಯಲ್ಲಿ ಓಡುತ್ತಿದ್ದ ಕಾರಿನ ಟ್ರಾನ್ಸ್‌ಮಿಷನ್ ಅಡಗಿಸಿ ತೋರಿಸಿದರು. ಕಂಪನಿ 14 ಲಕ್ಷ ವಾಹನಗಳನ್ನು ವಾಪಸು ಕರೆಯಬೇಕಾಯಿತು, ಮಾಲೀಕರಿಗೆ ಅಂಚೆಯಲ್ಲಿ ಯುಎಸ್‌ಬಿ ಕಡ್ಡಿ ಕಳಿಸಿತು. ದೋಷ ಗೊತ್ತಾದ ಮೇಲೂ ಅದನ್ನು ಬೇಗ ಸರಿಪಡಿಸಲಾಗದ ಗಾಡಿ ಸುರಕ್ಷಿತ ಗಾಡಿಯಲ್ಲ. ಹಾಗಾಗಿ ಬೇಗ ಬದಲಾಯಿಸುವ ಶಕ್ತಿ ಬೇಕೇ ಬೇಕು. ಆ ಶಕ್ತಿಗೆ ಲಗಾಮು ಯಾರ ಕೈಯಲ್ಲಿ ಎನ್ನುವಲ್ಲಿ ನನ್ನ ಜಗಳ ಶುರುವಾಗುತ್ತದೆ.

ಅಜೈಲ್ ವಾಹನೋದ್ಯಮಕ್ಕೆ ಹೊರಗಿನಿಂದ ಬಂದ ಅತಿಥಿ ಎಂದು ನಮ್ಮ ಮೀಟಿಂಗುಗಳಲ್ಲಿ ಹೇಳುತ್ತಾರೆ. ಅದು ತವರಿಗೆ ಮರಳಿದ ಮಗಳು ಎನ್ನುವುದೇ ಸರಿ. ‘ಸ್ಕ್ರಮ್’ ಎಂಬ ಪದ ಬಂದದ್ದು 1986ರಲ್ಲಿ ಟಕೆಯುಚಿ ಮತ್ತು ನೊನಾಕ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಲೇಖನದಿಂದ. ಅವರು ಅಧ್ಯಯನ ಮಾಡಿದ ತಂಡಗಳಲ್ಲಿ ಹೋಂಡಾ ಕಂಪನಿಯ ಸಿಟಿ ಕಾರನ್ನು ರೂಪಿಸಿದ ತಂಡವೂ ಒಂದು. ನಮ್ಮ ಗೋಡೆಗಳ ಮೇಲೆ ಬಣ್ಣದ ಚೀಟಿ ಅಂಟಿಸುವ ‘ಕಾನ್‌ಬಾನ್’ ಟೊಯೋಟಾ ಕಾರ್ಖಾನೆಯ ಕಾರ್ಡು. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಅಜೈಲ್ ಘೋಷಣೆ ಬರೆಯುವ ಎಷ್ಟೋ ವರ್ಷ ಮೊದಲೇ ಕಾರು ಕಟ್ಟುವವರು ಇದನ್ನೆಲ್ಲ ಮಾಡುತ್ತಿದ್ದರು.

ಅದೇ ಟೊಯೋಟಾ ಕಾರ್ಖಾನೆಯಲ್ಲಿ ಇನ್ನೊಂದು ವಸ್ತುವಿತ್ತು. ಅಸೆಂಬ್ಲಿ ಲೈನಿನ ಉದ್ದಕ್ಕೂ ತೂಗುಬಿಟ್ಟ ಒಂದು ಹಗ್ಗ. ಕೆಲಸಗಾರನಿಗೆ ಏನೋ ಸರಿಯಿಲ್ಲ ಅನ್ನಿಸಿದರೆ ಅದನ್ನು ಎಳೆಯುತ್ತಾನೆ. ದೀಪ ಹೊತ್ತುತ್ತದೆ, ತಂಡದ ನಾಯಕ ಓಡಿಬರುತ್ತಾನೆ. ಗಾಡಿ ಆ ಹಂತ ದಾಟುವಷ್ಟರಲ್ಲಿ ತೊಂದರೆ ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತದೆ. ಎಳೆದವನನ್ನು ಬೈಯುವುದಿಲ್ಲ. ತಪ್ಪನ್ನು ಮುಂದಿನವನಿಗೆ ದಾಟಿಸುವುದೇ ಅಲ್ಲಿ ಅಪರಾಧ. ನಮ್ಮ ಬಿಡದಿಯಲ್ಲಿ 1999ರಿಂದ ಕಾರು ಕಟ್ಟುತ್ತಿರುವ ಕಂಪನಿಯ ಪದ್ಧತಿ ಇದು. ಒಂದು ಗಂಟೆ ಡ್ರೈವ್ ಮಾಡಿದರೆ ಸಿಗುವ ಊರಿನ ಕಂಪನಿಯ ಪದ್ಧತಿಯನ್ನು ನಾವು ಕ್ಯಾಲಿಫೋರ್ನಿಯಾದ ಮೂಲಕ ಸುತ್ತಿಬಳಸಿ ತರಿಸಿಕೊಂಡೆವು. ಬರುವ ದಾರಿಯಲ್ಲಿ ಚೀಟಿ ಬಂತು, ನಿಂತುಕೊಂಡು ಮಾಡುವ ಮೀಟಿಂಗ್ ಬಂತು, ಎರಡು ವಾರದ ಗಡುವು ಬಂತು. ಹಗ್ಗ ಮಾತ್ರ ಬರಲಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಬಿಡುಗಡೆಯ ಹಿಂದಿನ ಸಂಜೆ ನನ್ನ ಟೇಬಲ್ಲಿನ ಒಂದು ಪರೀಕ್ಷೆ ಫೇಲ್ ಆಗಿತ್ತು. ಹತ್ತು ಸಲ ಓಡಿಸಿದರೆ ಒಂದು ಸಲ ಫೇಲ್. ಚಕ್ರದ ವೇಗ ಹೇಳುವ ಸಂದೇಶ ಒಂದು ಕ್ಷಣ ತಡವಾಗಿ ಬರುತ್ತಿತ್ತು. ಮ್ಯಾನೇಜರ್ ಸಮಾಧಾನದಿಂದಲೇ ಹೇಳಿದರು: “ಇದನ್ನ ಗೊತ್ತಿರೋ ದೋಷ ಅಂತ ಬರೆದುಬಿಡಿ, ಮುಂದಿನ ಸ್ಪ್ರಿಂಟಲ್ಲಿ ನೋಡೋಣ.” ಬರೆದೆ. ಮುಂದಿನ ಸ್ಪ್ರಿಂಟಿನಲ್ಲಿ ಬೇರೆ ಕೆಲಸ ಬಂತು. ಅದರ ಮುಂದಿನದರಲ್ಲಿ ನನ್ನನ್ನೇ ಬೇರೆ ತಂಡಕ್ಕೆ ಹಾಕಿದರು. ಯಾರಿಗೂ ಏನೂ ಆಗಲಿಲ್ಲ ಎಂದು ನಂಬಿದ್ದೇನೆ. ನಂಬಿದ್ದೇನೆ ಅಷ್ಟೇ, ಖಾತ್ರಿಯಿಲ್ಲ. ಆ ಸಂಜೆ ನಾನು ಎಳೆಯಬಹುದಾದ ಹಗ್ಗವಿರಲಿಲ್ಲ. ಇದ್ದದ್ದು ನೌಕರಿ ಮತ್ತು ಮನೆಯ ಕಂತು.

ಕಂಟಿನ್ಯೂಯಸ್ ಡೆಲಿವರಿ ಎಂದರೆ ದಿನಾ ಗಿರಾಕಿಯ ಮೇಲೆ ಹೊಸ ಕೋಡು ಸುರಿಯುವುದಲ್ಲ. ಜೆಜ್ ಹಂಬಲ್ ಮತ್ತು ಡೇವಿಡ್ ಫಾರ್ಲಿ 2010ರಲ್ಲಿ ಈ ಹೆಸರಿನ ಪುಸ್ತಕ ಬರೆದಾಗ ಹೇಳಿದ್ದು ಬೇರೆ: ಸಾಫ್ಟ್‌ವೇರ್ ಯಾವ ದಿನ ಬೇಕಾದರೂ ಬಿಡುಗಡೆ ಮಾಡಬಹುದಾದ ಸ್ಥಿತಿಯಲ್ಲಿರಬೇಕು. ಮಾಡಬೇಕೋ ಬೇಡವೋ ಎನ್ನುವುದು ಆಮೇಲಿನ ತೀರ್ಮಾನ. ವಾಹನದ ಲೆಕ್ಕದಲ್ಲಿ ಅದರ ಅರ್ಥ ಹೀಗೆ: ಇವತ್ತು ಬದಲಾಯಿಸಿದ ಕೋಡು ಇವತ್ತು ರಾತ್ರಿಯೇ ನಿಜವಾದ ಕಂಟ್ರೋಲರಿನ ಮೇಲೆ ಓಡಬೇಕು. ಮೇಜಿನ ಮೇಲೆ ಆ ಕಂಟ್ರೋಲರನ್ನಿಟ್ಟು, ಅದಕ್ಕೆ ತಾನು ಗಾಡಿಯೊಳಗೇ ಇದ್ದೇನೆ ಅನ್ನಿಸುವಂತೆ ಚಕ್ರ, ಬ್ಯಾಟರಿ, ಬ್ರೇಕುಗಳ ನಕಲಿ ಸಂಕೇತ ಕೊಡುವ ಯಂತ್ರಗಳಿವೆ. ಸೆನ್ಸರಿನ ತಂತಿ ಕಿತ್ತರೆ, ವೋಲ್ಟೇಜ್ ಕುಸಿದರೆ ಏನಾಗುತ್ತದೆ ಎಂದು ಯಾರ ಜೀವಕ್ಕೂ ಅಪಾಯವಿಲ್ಲದೆ ಸಾವಿರ ಸಲ ನೋಡಬಹುದು. ಈ ಯಂತ್ರಗಳು ದುಬಾರಿ. ನಾನು ಕೆಲಸ ಮಾಡಿದ ಕಡೆಗಳಲ್ಲಿ ನಾಲ್ಕು ತಂಡಗಳಿಗೆ ಒಂದು ಯಂತ್ರ, ಅದಕ್ಕೂ ಸರದಿ. ಸ್ಪ್ರಿಂಟ್ ಎರಡು ವಾರ, ಯಂತ್ರದ ಸರದಿ ಮೂರು ವಾರ. ಹಾಗಾದರೆ ಪರೀಕ್ಷೆ ನಡೆಯುವುದು ಎಲ್ಲಿ? ಎಂಟನೇ ಮೈಲಿಯಲ್ಲಿ, ಬಸ್ಸಿನ ಮುಂದೆ.

ಬೆಂಗಳೂರಿನ ಮಟ್ಟಿಗೆ ಇದು ದೂರದ ಕಥೆಯಲ್ಲ. ಇಲ್ಲಿನ ಏಥರ್ ಕಂಪನಿ 2018ರಲ್ಲೇ, ಮನೆಯಲ್ಲಿ ನಿಂತಲ್ಲೇ ಅಪ್‌ಡೇಟ್ ಪಡೆಯುವ ಸ್ಕೂಟರನ್ನು ಈ ಊರಿನ ರಸ್ತೆಗಿಳಿಸಿತು. ಓಲಾ ಎಲೆಕ್ಟ್ರಿಕ್ 2021ರ ಆಗಸ್ಟ್ 15ರಂದು ತನ್ನ ಸ್ಕೂಟರ್ ಘೋಷಿಸಿ ಡಿಸೆಂಬರಿನಲ್ಲಿ ಕೊಡಲು ಶುರುಮಾಡಿದಾಗ ಕ್ರೂಸ್ ಕಂಟ್ರೋಲ್, ನ್ಯಾವಿಗೇಶನ್ ಮುಂತಾದವು ಇನ್ನೂ ತಯಾರಿರಲಿಲ್ಲ. ಅವು 2022ರ ಜೂನಿನ ಅಪ್‌ಡೇಟ್‌ನಲ್ಲಿ ಬಂದವು. ನ್ಯಾವಿಗೇಶನ್ ತಡವಾದರೆ ಯಾರೂ ಸಾಯುವುದಿಲ್ಲ, ಒಪ್ಪಿದೆ. ಆದರೆ ಪೂರ್ತಿ ದುಡ್ಡು ಇಸಿದುಕೊಂಡು ಅರ್ಧ ಸರಕು ಕೊಟ್ಟು ಉಳಿದದ್ದನ್ನು ಆಮೇಲೆ ಕಳಿಸುವುದನ್ನು ಗಿರಾಕಿ ಒಮ್ಮೆ ಸಹಿಸಿಕೊಂಡರೆ, ಅದೇ ರೂಢಿ ಪರದೆಯಿಂದ ಮೋಟಾರಿಗೂ ಮೋಟಾರಿನಿಂದ ಬ್ರೇಕಿಗೂ ಇಳಿಯಲು ಹೆಚ್ಚು ದಿನ ಬೇಕಿಲ್ಲ.

ಇಳಿದರೆ ಏನಾಗುತ್ತದೆ ಎಂಬುದಕ್ಕೆ ಟೆಸ್ಲಾ ಎರಡೂ ಕಡೆಯ ಉದಾಹರಣೆ. 2018ರಲ್ಲಿ ಅದರ ಮಾಡೆಲ್ 3 ಕಾರಿನ ಬ್ರೇಕ್ ಸರಿಯಿಲ್ಲ ಎಂದು ಅಮೆರಿಕದ ಗ್ರಾಹಕ ಪತ್ರಿಕೆಯೊಂದು ಬರೆದ ಕೆಲವೇ ದಿನಗಳಲ್ಲಿ ಅಪ್‌ಡೇಟ್ ಹೋಗಿ, ಕಾರು ನಿಲ್ಲುವ ದೂರ 19 ಅಡಿಯಷ್ಟು ಕಡಿಮೆಯಾಯಿತು. ಮೆಚ್ಚಬೇಕಾದ್ದೇ. 2021ರ ಅಕ್ಟೋಬರಿನಲ್ಲಿ ಅದೇ ಕಂಪನಿಯ ಒಂದು ಅಪ್‌ಡೇಟ್‌ನಿಂದ ಕಾರುಗಳು ಕಾರಣವಿಲ್ಲದೆ ತಾವೇ ಬ್ರೇಕ್ ಹಾಕಬಹುದಾದ ಸ್ಥಿತಿ ಬಂತು. ಅಪ್‌ಡೇಟನ್ನು ಕೂಡಲೇ ಹಿಂತೆಗೆದುಕೊಂಡರು. ಆದರೂ 11,704 ವಾಹನಗಳ ರೀಕಾಲ್ ಎಂದು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ಕಡತದಲ್ಲಿ ಅದು ದಾಖಲಾಯಿತು. ದೋಷವನ್ನು ಗಾಳಿಯಲ್ಲಿ ಸರಿಪಡಿಸಿದರೂ ದೋಷವಿತ್ತು ಎಂಬ ದಾಖಲೆ ಗಾಳಿಗೆ ಹೋಗುವಂತಿಲ್ಲ.

ನಮ್ಮಲ್ಲಿ? 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರೀಕಾಲ್ ಆದೇಶಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಅದರ ಒಂದು ಮುಖ್ಯ ಆಧಾರ, ಇಂತಿಷ್ಟು ಮಾಲೀಕರು ದೂರು ಕೊಟ್ಟಿರಬೇಕು ಎನ್ನುವುದು. ರಾತ್ರೋರಾತ್ರಿ ಬಂದ ದೋಷ ಮೂರನೇ ರಾತ್ರಿ ಸದ್ದಿಲ್ಲದೆ ಹೋದರೆ ದೂರುಗಳು ಆ ಲೆಕ್ಕಕ್ಕೆ ಮುಟ್ಟುವುದೇ ಇಲ್ಲ. ಆ ಎರಡು ದಿನಗಳಲ್ಲಿ ಬಿದ್ದವನು ತನ್ನದೇ ತಪ್ಪು ಎಂದುಕೊಂಡು ಮೊಣಕಾಲಿಗೆ ಅರಿಸಿನ ಹಚ್ಚಿಕೊಳ್ಳುತ್ತಾನೆ.

‘ಹೀಗೆ ನಿಲ್ಲಿಸುತ್ತಾ ಕೂತರೆ ಸ್ಪರ್ಧೆಯಲ್ಲಿ ಉಳಿಯುತ್ತೇವಾ?’ ಎಂದು ಕೇಳುವವರು ಸ್ವಲ್ಪ ಪೀಣ್ಯಕ್ಕೆ ಬರಲಿ. ವಾಹನಗಳ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪುಗಳಲ್ಲಿ ಮೊದಲ ಪೀಸಿಗೆ ಇನ್‌ಸ್ಪೆಕ್ಟರನ ಒಪ್ಪಿಗೆ ಬೀಳದೆ ಮಷಿನ್ ಎರಡನೆಯದನ್ನು ಕತ್ತರಿಸುವುದಿಲ್ಲ. ಗೋ, ನೋ ಗೋ ಎಂದು ಎರಡು ತುದಿಯ ಗೇಜ್ ಇರುತ್ತದೆ. ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಹೋದರೆ ಪೀಸು ಕೆಂಪು ಡಬ್ಬಿಗೆ. ಗೊತ್ತಿರುವ ದೋಷ ಎಂದು ಬರೆದು ಡಿಸ್ಪ್ಯಾಚ್ ಮಾಡುವ ಕಾಲಂ ಅಲ್ಲಿಲ್ಲ. ಒಂದು ಬುಷ್ ಮಾಡುವ ಐಟಿಐ ಹುಡುಗನಿಗಿರುವ ಶಿಸ್ತು ಬ್ರೇಕಿನ ಕೋಡು ಬರೆಯುವ ಎಂಜಿನಿಯರಿಗೆ ದುಬಾರಿಯಾಗುವುದು ಹೇಗೆ?

ನಿಲ್ಲಿಸುವುದರ ಕಷ್ಟವೂ ನಮ್ಮ ಕಡೆಯವರಿಗೆ ಗೊತ್ತು. 2021ರ ಡಿಸೆಂಬರಿನಲ್ಲಿ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡಾಗ ಇಡೀ ಸೇತುವೆ ಮುಚ್ಚಿದರು. ಹಗುರ ವಾಹನಗಳಿಗೆ 2022ರ ಫೆಬ್ರುವರಿಯಲ್ಲಿ ತೆರೆದರು, ಭಾರಿ ವಾಹನಗಳು 2024ರವರೆಗೆ ಕಾಯಬೇಕಾಯಿತು. ಕೆಳಗಿನ ತುಮಕೂರು ರಸ್ತೆಯಲ್ಲಿ ನಾವೆಲ್ಲ ಲಾರಿಗಳ ಹೊಗೆ ಕುಡಿಯುತ್ತಾ, ಬೈಯುತ್ತಾ ನಿಂತೆವು. ಆದರೆ ವಾಹನಗಳನ್ನು ಓಡಿಸುತ್ತಲೇ ನೋಡೋಣ, ಬಿದ್ದರೆ ಮುಂದಿನ ಸ್ಪ್ರಿಂಟಿನಲ್ಲಿ ಸರಿಮಾಡೋಣ ಎಂದು ಯಾವ ಎಂಜಿನಿಯರೂ ಹೇಳಲಿಲ್ಲ. ಹೇಳಿದ್ದರೆ ಜನ ಸುಮ್ಮನಿರುತ್ತಿರಲಿಲ್ಲ. ಸೇತುವೆಯ ಕೇಬಲ್ ಕಣ್ಣಿಗೆ ಕಾಣುತ್ತದೆ, ಕೋಡು ಕಾಣುವುದಿಲ್ಲ. ನಮ್ಮ ಧೈರ್ಯವೆಲ್ಲ ಆ ಕಾಣದಿರುವುದರ ಮೇಲೆ ನಿಂತಿದೆ.

ನಾನು ಕೇಳುವುದು ಮೂರೇ ಸಂಗತಿ. ಒಂದು, ಸುರಕ್ಷತೆಗೆ ಸಂಬಂಧಿಸಿದ ಪರೀಕ್ಷೆ ಮಾಡುವವನಿಗೆ ಬಿಡುಗಡೆಯನ್ನು ತಡೆಯುವ ಅಧಿಕಾರ ಬರಹದಲ್ಲಿ ಇರಬೇಕು. ತಡೆದದ್ದಕ್ಕೆ ಅವನ ವರ್ಷಾಂತ್ಯದ ರೇಟಿಂಗ್ ಇಳಿಯಬಾರದು. ಎರಡು, ಬ್ರೇಕು, ವೇಗ, ಬ್ಯಾಟರಿಗೆ ತಾಗುವ ಯಾವ ಬದಲಾವಣೆಯನ್ನೂ ಓಡಿಸುವವನಿಗೆ ಅವನ ಭಾಷೆಯಲ್ಲಿ ಮೊದಲೇ ತಿಳಿಸಬೇಕು. ಅಪ್‌ಡೇಟ್ ಅರ್ಧಕ್ಕೆ ಕೆಟ್ಟರೆ ಗಾಡಿ ಹಳೆಯ ಸ್ಥಿತಿಗೋ ಸುರಕ್ಷಿತ ಸ್ಥಿತಿಗೋ ಮರಳಬೇಕು. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗ 2020ರಲ್ಲಿ ಅಂಗೀಕರಿಸಿದ 156ನೇ ನಿಯಮ ಬಳಕೆದಾರನಿಗೆ ಮಾಹಿತಿ ಕೊಡುವುದನ್ನೂ ಈ ಮರಳುವಿಕೆಯನ್ನೂ ಕಡ್ಡಾಯ ಮಾಡಿದೆ. ಇಲ್ಲಿಂದ ಯುರೋಪಿನ ಕಾರುಗಳಿಗೆ ಕೋಡು ಬರೆಯುವ ನಾವು ಅದನ್ನು ಅಕ್ಷರಶಃ ಪಾಲಿಸುತ್ತೇವೆ. ಮೂರು, ಗಾಳಿಯಲ್ಲಿ ಸರಿಪಡಿಸಿದ ಸುರಕ್ಷತಾ ದೋಷವೂ ರೀಕಾಲ್ ಎಂದೇ ಸಾರ್ವಜನಿಕವಾಗಿ ದಾಖಲಾಗಬೇಕು.

ಇವು ಮೂರೂ ಇದ್ದರೆ ದಿನಾ ಅಪ್‌ಡೇಟ್ ಕಳಿಸಿ, ನನ್ನ ತಕರಾರಿಲ್ಲ. ಇಲ್ಲದಿದ್ದರೆ ಎರಡು ವಾರಕ್ಕೊಮ್ಮೆ ಗೋಡೆಗೆ ಚೀಟಿ ಅಂಟಿಸಿ ಅದನ್ನು ಅಜೈಲ್ ಎಂದು ಕರೆಯುವುದನ್ನಾದರೂ ನಿಲ್ಲಿಸೋಣ.

ಮಹಡಿಯ ಹುಡುಗನಿಗೆ ಆ ದಿನ ನಾನು ಹೇಳಿದ್ದು ಇಷ್ಟೇ: “ಸ್ವಲ್ಪ ದಿನ ನಿಧಾನಕ್ಕೆ ಓಡಿಸಪ್ಪಾ, ಆಕ್ಸಿಲರೇಟರ್ ಒಂದೇ ಸಲ ಬಿಡಬೇಡ.” ಅವನು ನಕ್ಕ. “ನಿಧಾನ ಹೋದ್ರೆ ಇನ್ಸೆಂಟಿವ್ ಕಟ್ ಆಗುತ್ತಣ್ಣಾ.” ಅವನಿಗೂ ಹಗ್ಗವಿಲ್ಲ.